ಮೂರು ಕೂಗು, ಒಂದು ಪೆಟ್ಟು

ದೋಣಿಯ ಹಿಂಬದಿಯ ಆಸನ ಎತ್ತಿ ಆರ್ವಿಡ್ ಕೊಸ್ಕಿ ಒಳಗೆ ಇಣುಕಿದ. ತೇಲುವ ಜಾಕೆಟ್ಟುಗಳು ಇದ್ದವು. ಕಿತ್ತಳೆ ಬಣ್ಣದವು, ಹೊಚ್ಚ ಹೊಸವು. ಆದರೆ ಒಂದೊಂದೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಚೀಲದ ಬಾಯಿಗೆ ಟೇಪು ಬಿಗಿದಿತ್ತು. ಅವುಗಳ ಮೇಲೆ ಇದ್ದಿಲ ಮೂಟೆ, ಮೀನು ಹುರಿಯುವ ಕಬ್ಬಿಣದ ಬಾಣಲೆ, ಆಲೂಗಡ್ಡೆ ಸಲಾಡಿನ ದೊಡ್ಡ ಡಬ್ಬಿ ಠಿಕಾಣಿ ಹೂಡಿದ್ದವು.

ಆರ್ವಿಡ್ ಬಾಣಲೆಯನ್ನು ಎತ್ತಿ ಪಕ್ಕಕ್ಕಿಟ್ಟು, ಆಸನ ಮುಚ್ಚಿದ.

"ಡೆಲ್ಬರ್ಟ್, ಸ್ಟಿಕ್ಕರ್ ಕೊಡಕ್ಕಾಗಲ್ಲ."

ದೋಣಿ ಡೆಲ್ಬರ್ಟ್ ಪೆಲ್ಟಿಯರನದು. ಊರಿನ ಹಾರ್ಡ್‌ವೇರ್ ಅಂಗಡಿಯೂ ಅವನದೇ. ಅದೆಲ್ಲಕ್ಕಿಂತ ಹೆಚ್ಚಾಗಿ ಅವನು ದೀಪಸ್ತಂಭ ಬಾಂಧವ ಸಭೆ ಎಂಬ, ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುವ ಊರ ಗಂಡಸರ ಸಂಘದ ಈ ವರ್ಷದ ಅಧ್ಯಕ್ಷ. ಸಭೆಯಲ್ಲಿ ಎಲ್ಲರೂ ಬರಿತಲೆಯಲ್ಲಿ ಕೂತರೆ ಅಧ್ಯಕ್ಷನೊಬ್ಬ ಮಾತ್ರ ಕರಿ ರೇಷ್ಮೆಯ ಎತ್ತರದ ಟೋಪಿ ಹಾಕಿಕೊಳ್ಳುತ್ತಾನೆ. ಆ ದಿನ ಡೆಲ್ಬರ್ಟ್ ಅದನ್ನು ಮನೆಯಿಂದಲೇ ಹಾಕಿಕೊಂಡು ಬಂದಿದ್ದ.

"ಯಾಕಂತೆ?"

"ಜಾಕೆಟ್ಟು ಕೈಗೆ ಸಿಗೋ ಹಾಗಿರಬೇಕು. ಇವು ಗಂಟು ಕಟ್ಟಿ ಇಟ್ಟಿರೋ ಹಾಗಿವೆ."

"ಹೊಸ ಮಾಲು ಕಣಯ್ಯಾ! ಕೊಳೆ ಆಗಬಾರದು ಅಂತ ಇಟ್ಟಿದೀನಿ."

"ಮುಳುಗೋವಾಗ ಟೇಪು ಬಿಚ್ಚಕ್ಕೆ ಯಾರಿಗೂ ಪುರುಸೊತ್ತಿರಲ್ಲ, ಡೆಲ್ಬರ್ಟ್."

ಆರ್ವಿಡನ ಮೈಮೇಲೆ ನೀಲಿ ಸಮವಸ್ತ್ರವಿತ್ತು, ತಲೆಯ ಮೇಲೆ ನೀಲಿ ಟೋಪಿ. ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಲೆ ಅವನು ಕೋಸ್ಟ್ ಗಾರ್ಡ್‌ನ ಸ್ವಯಂಸೇವಕ ದಳಕ್ಕೆ ಸೇರಿದ್ದ. ಸಂಬಳವಿಲ್ಲ. ದಂಡ ಹಾಕುವ ಅಧಿಕಾರವಿಲ್ಲ, ದೋಣಿ ತಡೆಯುವ ಅಧಿಕಾರವೂ ಇಲ್ಲ. ಎಲ್ಲ ಸರಿಯಿದ್ದರೆ ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸುವುದು, ಇಲ್ಲದಿದ್ದರೆ ಅಂಟಿಸದಿರುವುದು, ಅಷ್ಟೇ ಅವನ ಕೈಲಿದ್ದದ್ದು. ಆ ಅಷ್ಟನ್ನು ಅವನು ಅಳುಕಿಲ್ಲದೆ ಮಾಡುತ್ತಿದ್ದ.

ದೋಣಿ ಕಟ್ಟುವ ಕಟ್ಟೆಯ ಮೇಲೆ ಬಾಂಧವರೆಲ್ಲ ಕೋಟು ಟೈ ಹಾಕಿಕೊಂಡು ಕಾಯುತ್ತಿದ್ದರು. ಸುಪೀರಿಯರ್ ಸರೋವರದ ಗಾಳಿ ಜೂನ್ ತಿಂಗಳಲ್ಲೂ ಕಿವಿ ಕಚ್ಚುತ್ತಿತ್ತು. ಪ್ರತಿವರ್ಷ ಇದೇ ದಿನ ದ್ವೀಪಕ್ಕೆ ಹೋಗಿ, ಮೀನು ಹುರಿದು ತಿಂದು, ಮುಂದಿನ ವರ್ಷದ ಅಧ್ಯಕ್ಷನನ್ನು ಆರಿಸುವುದು ಪದ್ಧತಿ. ಈ ಸಲದ ಸರದಿ ಆರ್ವಿಡನದು. ಬಾಗಿಲು ಕಾಯುವ ಕೆಲಸದಿಂದ ಶುರುಮಾಡಿ ಒಂದೊಂದೇ ಕುರ್ಚಿ ಏರಿ ಬಂದಿದ್ದ. ಬೆನ್ನುಮೂಳೆ ಮುರಿದು ಮಲಗಿದ ಚಳಿಗಾಲದಲ್ಲಿ ಇದೇ ಜನ ಪಾಳಿ ಹಾಕಿಕೊಂಡು ಅವನ ಮನೆ ಮುಂದಿನ ಹಿಮ ತೆಗೆದಿದ್ದರು, ಸೂಪು ತಂದಿದ್ದರು, ಕೇಳದೆ ಇದ್ದರೂ ಜೋಕು ಹೇಳಿದ್ದರು. ಅಧ್ಯಕ್ಷನ ಕುರ್ಚಿಯಲ್ಲಿ ಕೂತು ಅವರಿಗಾಗಿ ಒಂದು ವರ್ಷ ದುಡಿಯಬೇಕೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಆದರೆ ಆ ನೀಲಿ ಬಟ್ಟೆ ಬಂದಮೇಲೆ ಸಭೆಯಲ್ಲಿ ಗುಸುಗುಸು ಎದ್ದಿತ್ತು. ಇವನು ನಮ್ಮವನೋ, ಸರ್ಕಾರದವನೋ? ಚುನಾವಣೆಯ ದಿನ ಹಾಜರಿಲ್ಲದವನನ್ನು ಆರಿಸುವಂತಿಲ್ಲ ಎಂಬುದೂ ಸಭೆಯ ಕಟ್ಟುನಿಟ್ಟಿನ ನಿಯಮ.

"ನಾನು ನಿಂಗೆ ಬ್ರದರ್ರೋ ಅಲ್ವೋ?" ಡೆಲ್ಬರ್ಟ್ ಕೇಳಿದ.

"ಬ್ರದರ್ರೇ. ಅದಕ್ಕೇ ಹೇಳ್ತಿರೋದು."

"ಸಭೇಲಿ ಬ್ರದರ್ ಮಾತು ಸಾಕು. ಜಾಕೆಟ್ಟು ಇದೆ ಅಂದ್ರೆ ಇದೆ."

"ಸಭೇಲಿ ಸಾಕು. ನೀರಿಗೆ ಅದು ಗೊತ್ತಿಲ್ವಲ್ಲ."

ಕಟ್ಟೆಯಿಂದ ಕ್ಷೌರಿಕ ಮಿಲ್ಟ್ ಗೊರ್ಸ್ಕಿ ಕೂಗಿದ: "ಬಿಡು ಡೆಲ್ಬರ್ಟ್! ಆ ನೀಲಿ ಟೋಪಿ ಏರಿತು ಅಂದ್ರೆ ಅವನಿಗೆ ಸ್ವಂತ ಹೆಂಡ್ತಿ ಗುರುತೂ ಸಿಗಲ್ಲ. ಮನೆ ಬಾತ್‌ಟಬ್ಬಿಗೂ ಸ್ಟಿಕ್ಕರ್ ಹಚ್ಚಿದಾನಂತೆ!"

"ಹಚ್ಚಿಲ್ಲ," ಎಂದ ಆರ್ವಿಡ್. "ಅದು ಪಾಸಾಗ್ಲಿಲ್ಲ."

ಎಲ್ಲರೂ ನಕ್ಕರು. ಡೆಲ್ಬರ್ಟ್ ನಗಲಿಲ್ಲ.

"ಸ್ಟಿಕ್ಕರ್ ಇಲ್ದೇನೇ ಹೊರಡ್ತೀನಿ. ಏನ್ ಮಾಡ್ತೀಯ?"

"ಏನೂ ಮಾಡಲ್ಲ. ನಿನ್ನ ದೋಣಿ, ನಿನ್ನಿಷ್ಟ. ನಾನು ಮಾತ್ರ ಕಟ್ಟೆ ಮೇಲೇ ಇರ್ತೀನಿ."

ನಗು ಅಲ್ಲಿಗೇ ನಿಂತಿತು. ಕಟ್ಟೆಯ ಮೇಲೆ ಉಳಿದರೆ ಕುರ್ಚಿ ಕೈತಪ್ಪುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು. ಆರ್ವಿಡನಿಗೂ ಗೊತ್ತಿತ್ತು. ಅವನು ಕೈಕಟ್ಟಿ ನಿಂತ.

ಆಗ ಮುಂದೆ ಬಂದವನು ಐವರ್ ಸಿಮನ್ಸನ್. ಎಂಬತ್ತೆಂಟರ ಮುದುಕ, ಸಭೆಯಲ್ಲಿ ಎಲ್ಲರಿಗಿಂತ ಹಿರಿಯ, ಕಿವಿ ಮಂದ.

"ಜಾಕೆಟ್ಟು ಅಂತಿದೀರಾ? ನಂಗೊಂದು ಕೊಡಿ. ನನಗೆ ಈಜು ಬರಲ್ಲ."

"ಹುಟ್ಟಿದಾಗಿಂದ ಈ ದಂಡೇಲಿದ್ದು ಈಜು ಬರಲ್ವಾ?" ಎಂದ ಮಿಲ್ಟ್.

"ಬಿದ್ದೇ ಇಲ್ವಲ್ಲ ಕಣೋ, ಯಾಕೆ ಕಲೀಲಿ?"

ಹಿರಿಯನ ಮಾತಿಗೆ ಎದುರಾಡುವಂತಿಲ್ಲ. ಡೆಲ್ಬರ್ಟ್ ಮುಖ ಊದಿಸಿಕೊಂಡು ಜೇಬಿನ ಚಾಕು ತೆಗೆದು ಚೀಲಗಳನ್ನು ಒಂದೊಂದಾಗಿ ಸೀಳಿ ಎಸೆದ. ಐವರ್ ಹಾಕಿಕೊಂಡ ಮೇಲೆ ಉಳಿದವರಿಗೆ ಬರಿಮೈಯಲ್ಲಿ ನಿಂತಂತೆ ಅನ್ನಿಸಿರಬೇಕು. ಗೊಣಗುತ್ತ ಕೋಟಿನ ಮೇಲೆಯೇ ತೊಟ್ಟುಕೊಂಡರು. ಆರ್ವಿಡ್ ಗಾಜಿಗೆ ಸ್ಟಿಕ್ಕರ್ ಅಂಟಿಸಿ, ಅಂಚುಗಳನ್ನು ಹೆಬ್ಬೆರಳಿಂದ ಒತ್ತಿ, ಕಾರಿಗೆ ಹೋಗಿ ಸಮವಸ್ತ್ರ ಕಳಚಿಟ್ಟು ಕೋಟು ಟೈ ಹಾಕಿಕೊಂಡು ಬಂದ. ದೋಣಿಯಲ್ಲಿ ಎರಡೂ ಬದಿಗೆ ಉದ್ದದ ಬೆಂಚು. ಅವನು ಹಿಂದಿನ ತುದಿಯಲ್ಲಿ ಕೂತಾಗ ಪಕ್ಕದವನು ಸ್ವಲ್ಪ ಆಚೆ ಸರಿದ. ಜಾಗ ಕೊಡಲೋ, ದೂರ ಇಡಲೋ ತಿಳಿಯಲಿಲ್ಲ. ಆರ್ವಿಡ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬಾಣಲೆ ಮಾತ್ರ ಜಾರದ ಹಾಗೆ ಕಾಲ ಮಧ್ಯೆ ಇಟ್ಟುಕೊಂಡ.

ಡೆಲ್ಬರ್ಟನ ಸಿಟ್ಟು ಇನ್ನೂ ತಣ್ಣಗಾಗಿರಲಿಲ್ಲ. ಚುಕ್ಕಾಣಿ ಹಿಡಿದು ಹಿಂದೆ ತಿರುಗಿದ.

"ರೂಲ್ಸ್ ಪುಸ್ತಕದ ಪ್ರಕಾರ, ದೋಣಿ ಹಿಂದಕ್ಕೆ ತೆಗೆಯೋವಾಗ ಹಾರ್ನು ಮೂರು ಸಲ ಕೂಗಿಸಬೇಕು. ಅಲ್ವಾ ಇನ್ಸ್‌ಪೆಕ್ಟ್ರೇ?"

"ಹೌದು," ಎಂದ ಆರ್ವಿಡ್. ಈ ಬಂದರಿನಲ್ಲಿ ಯಾರೂ ಹಾಗೆ ಕೂಗಿಸಿದ್ದನ್ನು ಅವನು ಕೇಳಿರಲಿಲ್ಲ.

"ಹಾಗಾದ್ರೆ ಪುಸ್ತಕದ ಪ್ರಕಾರಾನೇ ಆಗ್ಲಿ!"

ಕರಿ ಟೋಪಿಯ ಅಧ್ಯಕ್ಷ ಎಂಜಿನ್ ಹಿಂದಕ್ಕೆ ಹಾಕಿ ಹಾರ್ನು ಒತ್ತಿದ. ಪೋಂ. ಪೋಂ. ಪೋಂ.

ಸಭಾಂಗಣದಲ್ಲಿ ಅಧ್ಯಕ್ಷ ಮರದ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಎಲ್ಲರೂ ಕೂರಬೇಕು. ಎರಡಕ್ಕೆ ಪದಾಧಿಕಾರಿಗಳು ಏಳಬೇಕು. ಮೂರಕ್ಕೆ ಇಡೀ ಸಭೆ ಎದ್ದು ನಿಲ್ಲಬೇಕು. ಅರ್ಧ ಆಯುಷ್ಯ ಹಾಗೆ ಎದ್ದು ಕೂತವರ ಮಂಡಿಗಳು ತಲೆಯನ್ನು ಕೇಳುವುದಿಲ್ಲ. ಮೂರನೆಯ ಕೂಗಿಗೆ ದೀಪಸ್ತಂಭ ಬಾಂಧವ ಸಭೆ ಒಟ್ಟಾಗಿ, ಗಂಭೀರವಾಗಿ, ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತಿತು. ಆರ್ವಿಡನ ಮಂಡಿಯೂ ಅರ್ಧ ಎದ್ದಿತ್ತು.

ಅದೇ ಗಳಿಗೆಗೆ ದೋಣಿ ಹಿಂದಕ್ಕೆ ಜಗ್ಗಿ ಪಕ್ಕಕ್ಕೆ ಹೊರಳಿತು.

ನಿಂತವರೆಲ್ಲ ಒಂದೇ ಕಡೆಗೆ ಮುಗ್ಗರಿಸಿದರು. ಐವರ್ ಹಿಂಬದಿಯ ಮೂಲೆಯಲ್ಲಿ ಅಂಚಿನ ಕಂಬಿಯ ಮೇಲಿಂದ ಉರುಳಿ ಸದ್ದಿಲ್ಲದೆ ನೀರಿಗೆ ಹೋದ. "ಐವರ್ ಬಿದ್ದ!" ಎಂದು ಯಾರೋ ಕಿರುಚಿದ್ದೇ ತಡ, ಉಳಿದವರೂ ನೋಡಲು ಅದೇ ಬದಿಗೆ ನುಗ್ಗಿದರು. ದೋಣಿ ವಾಲಿತು. ಅಂಚಿನ ಮೇಲಿಂದ ನೀರು ಒಳಗೆ ಬಂತು. ತಿರುಗಿ ನೋಡಿದ ಡೆಲ್ಬರ್ಟನ ತಲೆಯಿಂದ ಟೋಪಿ ನೀರಿಗೆ ಹಾರಿತು. ಎಂಜಿನ್ ಮಾತ್ರ ಇನ್ನೂ ಹಿಂದಕ್ಕೇ ಓಡುತ್ತಿತ್ತು, ನೀರಿನಲ್ಲಿದ್ದ ಮುದುಕನ ಕಡೆಗೆ.

"ಕೂತ್ಕೊಳ್ಳಿ!" ಆರ್ವಿಡ್ ಕೂಗಿದ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಅವನು ಬಾಣಲೆ ಎತ್ತಿ ಕಬ್ಬಿಣದ ಕಂಬಿಗೆ ಬಲವಾಗಿ ಒಂದೇ ಒಂದು ಪೆಟ್ಟು ಕೊಟ್ಟ.

ಠಣ್!

ಇಡೀ ಸಭೆ ಕುಸಿದು ಕೂತಿತು. ಬೆಂಚು ಸಿಕ್ಕವರು ಬೆಂಚಿನ ಮೇಲೆ, ಸಿಗದವರು ನೆಲದ ಮೇಲೆ, ಮಿಲ್ಟ್ ಸಲಾಡಿನ ಡಬ್ಬಿಯ ಮೇಲೆ. ಡೆಲ್ಬರ್ಟ್ ಕೂಡ ಕೂತುಬಿಟ್ಟ. ದೋಣಿ ನೆಟ್ಟಗಾಯಿತು.

"ಡೆಲ್ಬರ್ಟ್, ಎಂಜಿನ್ ಆಫ್ ಮಾಡು. ಮಿಲ್ಟ್, ನೀನು ನನ್ನ ಸೊಂಟ ಹಿಡ್ಕೋ. ಬೇರೆ ಯಾರೂ ಏಳಬೇಡಿ."

ಯಾರೂ ಏಳಲಿಲ್ಲ. ಕಿತ್ತಳೆ ಜಾಕೆಟ್ಟಿನಲ್ಲಿ ಐವರ್ ಬೆಂಡಿನ ಹಾಗೆ ತೇಲುತ್ತಿದ್ದ, ಟೈ ಮುಂದೆ ಮುಂದೆ ಈಜುತ್ತಿತ್ತು. ಆರ್ವಿಡ್ ಬಾಗಿ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಎಳೆದ.

"ಇಷ್ಟು ತಣ್ಣಗಿದೆ ಅಂತ ಒಬ್ಬನಾದ್ರೂ ಹೇಳಬಾರದಾ!" ಎಂದು ಐವರ್ ಹಲ್ಲು ಕಟಕಟಿಸುತ್ತ ಬೈದ. ಬೈಗುಳ ಕೇಳಿ ಡೆಲ್ಬರ್ಟನ ಕಣ್ಣು ಒದ್ದೆಯಾಯಿತು.

ದ್ವೀಪದ ಪ್ರಯಾಣ ಅಲ್ಲಿಗೇ ಮುಗಿಯಿತು. ಕಟ್ಟೆಯ ಪಕ್ಕದ ದೋಣಿಮನೆಯಲ್ಲಿ ಒಲೆ ಹೊತ್ತಿಸಿ, ಐವರನ ಬಟ್ಟೆ ಬದಲಿಸಿ, ಕಂಬಳಿ ಹೊದಿಸಿ, ಬಿಸಿ ಕಾಫಿ ಕುಡಿಸಿದರು. ಅವನ ಕೆನ್ನೆಗೆ ಬಣ್ಣ ಬಂದಮೇಲೆ ಬಾಗಿಲು ಹಾಕಿ ಅಲ್ಲೇ ಚುನಾವಣೆ ನಡೆಯಿತು. ಆರ್ವಿಡ್ ಬೇಕೆಂದರೆ ಬಿಳಿ ಗುಂಡು, ಬೇಡವೆಂದರೆ ಕಪ್ಪು ಗುಂಡು; ಬಿಳಿ ಹೆಚ್ಚಾದರೆ ಗೆದ್ದಂತೆ. ದ್ವೀಪಕ್ಕೆಂದು ತಂದಿದ್ದ ಮತದ ಪೆಟ್ಟಿಗೆಯನ್ನು ಡೆಲ್ಬರ್ಟ್ ತೆರೆದ. ಬಿಳಿಯ ರಾಶಿಯ ನಡುವೆ ಒಂದೇ ಒಂದು ಕಪ್ಪು ಕೂತಿತ್ತು.

ಡೆಲ್ಬರ್ಟ್ ಅದನ್ನು ಎತ್ತಿ ಹಿಡಿದ.

"ಅದು ನಂದು. ಬೆಳಿಗ್ಗೆ ಸಿಟ್ಟಲ್ಲಿ ಜೇಬಿಗೆ ಹಾಕ್ಕೊಂಡಿದ್ದೆ. ಈಗ ಬಿಳೀದು ಹಾಕೋಣ ಅಂತಿದ್ದೆ, ಅಭ್ಯಾಸಬಲದಿಂದ ಕೈ ಅದೇ ಜೇಬಿಗೆ ಹೋಯ್ತು."

"ಇವತ್ತು ಎಲ್ಲರ ಅಭ್ಯಾಸಾನೂ ಎಡವಟ್ಟೇ," ಎಂದ ಮಿಲ್ಟ್.

ಇನ್ನು ಟೋಪಿಯ ಪ್ರಶ್ನೆ. ಟೋಪಿಯಿಲ್ಲದೆ ಹೊಸ ಅಧ್ಯಕ್ಷ ಸುತ್ತಿಗೆ ಮುಟ್ಟುವಂತಿಲ್ಲ. ರೇಷ್ಮೆ ಟೋಪಿಯನ್ನು ಕೊಕ್ಕೆ ಹಾಕಿ ತಂದಿದ್ದರು, ಆದರೆ ಅದು ಒಲೆಯ ಪಕ್ಕದಲ್ಲಿ ನೀರು ತೊಟ್ಟಿಕ್ಕುತ್ತ, ಸೊಟ್ಟಗಾಗಿ ಕೂತಿತ್ತು.

ಮಿಲ್ಟ್ ಕಿಟಕಿಯಿಂದ ಕಾರಿನ ಕಡೆ ನೋಡಿದ. "ಆರ್ವಿಡ್, ನಿನ್ನ ನೀಲಿ ಟೋಪಿ ಇದ್ಯಲ್ಲ, ಅದನ್ನೇ ಹಾಕ್ಕೋ. ಯಾರೂ ಏನೂ ಅನ್ನಲ್ಲ."

"ಹೌದು, ಹಾಕ್ಕೋ," ಎಂದ ಡೆಲ್ಬರ್ಟ್. "ನಾನೇ ಹೋಗಿ ತರ್ತೀನಿ."

ಬೆಳಿಗ್ಗೆ ನಕ್ಕವರೇ ಈಗ ಆ ಟೋಪಿಯನ್ನು ಒಳಗೆ ಕರೆಯುತ್ತಿದ್ದರು. ಆರ್ವಿಡನ ಎದೆ ತುಂಬಿತು. ಆದರೂ ತಲೆಯಾಡಿಸಿದ.

"ಬೇಡ. ಅದು ಆ ಕೆಲಸದ್ದು. ಈ ಕೆಲಸಕ್ಕೆ ಇದು."

ಒದ್ದೆ ಟೋಪಿ ಎತ್ತಿ ತಲೆಗಿಟ್ಟುಕೊಂಡ. ಸರೋವರದ ನೀರು ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಹೋಯಿತು. ಅವನು ಮುಖ ಅಲುಗಿಸದೆ ಸುತ್ತಿಗೆ ತೆಗೆದುಕೊಂಡು ಒಂದು ಪೆಟ್ಟು ಕೊಟ್ಟ. ಎಲ್ಲರೂ ಕೂತರು.

ಕಂಬಳಿಯೊಳಗಿಂದ ಐವರ್ ತಲೆ ಎತ್ತಿದ. ಕಂಬಳಿಯ ಕೆಳಗೆ ಕಿತ್ತಳೆ ಜಾಕೆಟ್ಟು ಇಣುಕುತ್ತಿತ್ತು. ಒಣ ಬಟ್ಟೆಯ ಮೇಲೆ ಅದನ್ನೇ ಮತ್ತೆ ತೊಟ್ಟಿದ್ದ.

"ಎಷ್ಟು ಹೊಡೆದ? ಏಳ್ಬೇಕಾ, ಕೂರ್ಬೇಕಾ?"

"ಕೂತ್ಕೊಳ್ಳಿ, ಬ್ರದರ್ ಐವರ್."

"ಇದನ್ನ ಬಿಚ್ಚಲಾ?"

"ಊಟ ಆಗೋವರೆಗೂ ಇರ್ಲಿ," ಎಂದ ಹೊಸ ಅಧ್ಯಕ್ಷ.