ಬಚ್ಚಲದ ಕಲ್ಲಿಗೆ ಮೂರನೇ ಬಲ್ಬು

ಅನಸುಬಾಯಿಯ ಮಾತನ್ನು ಆ ಮನೆಯಲ್ಲಿ ಯಾರೂ ನಂಬಲಿಲ್ಲ. ನಂಬುವುದು ಹಾಗಿರಲಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದದ್ದಿಷ್ಟು. ಬಸುರಿಯಾಗಿದ್ದಾಗ ಅವಳ ಮೂಗುಬೊಟ್ಟು ಬಚ್ಚಲದಲ್ಲಿ ಬಿದ್ದುಹೋಗಿತ್ತು. ಕಿಟಕಿ ಎಂಬುದೇ ಇಲ್ಲದ, ನಡುಹಗಲಲ್ಲೂ ಕತ್ತಲೆ ತುಂಬಿದ ಕೋಣೆ ಅದು. ಹೆಂಗಸರೆಲ್ಲ ಮಾಡುವಂತೆ ಅವಳೂ ಚಿಮಣಿ ದೀಪವನ್ನು ನೆಲಕ್ಕೇ ಇಟ್ಟು ಹುಡುಕಿದಳು. ದೀಪ ನೆಲದ ಮೇಲಿದ್ದರೆ ಸಾಸಿವೆ ಕಾಳಿಗೂ ನೆರಳು ಬೀಳುತ್ತದಲ್ಲ! ಬೊಟ್ಟು ಸಿಕ್ಕಿತು. ಅದರ ಪಕ್ಕದಲ್ಲೇ, ನೆಲಕ್ಕೆ ಹಾಸಿದ ಚಪ್ಪಡಿಯ ಮೈಯಲ್ಲಿ, ಕೆತ್ತಿದ ಒಂದು ಪಾದ ಕಂಡಿತು. ಐದು ಬೆರಳು, ಹಿಮ್ಮಡಿ, ಮೇಲೊಂದು ಕಡಗ. ಚಿಮಣಿಯ ಬೆಳಕು ಗೇಣುದ್ದ ಮಾತ್ರ. ಮುಂದೆ ಸರಿಸಿದರೆ ಹಿಂದಿನದು ಮಾಯವಾಗುತ್ತಿತ್ತು.

“ಸಬಕಾರದ ನೊರಿ ಕುಂತ ಹೊಲಸು ಅದು,” ಎಂದಳು ಅತ್ತೆ ಪೀರಮ್ಮ. “ನಲವತ್ತು ವರ್ಷ ಅದೇ ಕಲ್ಲ ಮ್ಯಾಲ ಕುಂತು ಮೈ ತೊಳಕೊಂಡೀನಿ. ನನಗ ಕಾಣಲಾರದ್ದು ನಿನಗ ಕಂಡದೇನು?”

ಗಂಡ ಲಾಲಪ್ಪನದು ಇನ್ನೂ ಜೋರು. ಅವನು ಸನ್ನತಿಯ ಕಡೆ ಹಳೆ ಮೂರ್ತಿಗಳಿಗಾಗಿ ಭೂಮಿ ಅಗೆಯುವ ಸಾಹೇಬರ ಕೈಕೆಳಗೆ ಕೂಲಿ ಮಾಡುವವನು. “ದಿನಾ ಅಂಥವೇ ಕಲ್ಲ ಎತ್ತಿಡ್ಲಿಕತ್ತೀನಿ. ಮೂರ್ತಿ ಇರೋ ಕಲ್ಲ ಹ್ಯಾಂಗಿರ್ತದಂತ ನನಗ ಗೊತ್ತಿಲ್ಲೇನು?” ಎಂದ. ಮೂರ್ತಿ ಎತ್ತಿ ಎತ್ತಿ ತಾನೇ ಪಂಡಿತನಾದೆನೆಂಬ ಗತ್ತು ಅವನಿಗೆ.

ಮಗು ಹುಟ್ಟಿ ನಾಲ್ಕು ತಿಂಗಳಾಯಿತು. ಹಳೆ ಬಚ್ಚಲ ಕೆಡವಿ ಹೊಸದು ಕಟ್ಟಬೇಕೆಂದಾಯಿತು. ಮೂರನೇ ದಿನಕ್ಕೆ ಗೌಂಡಿ ಬರುತ್ತಾನೆ, ಚಪ್ಪಡಿಯನ್ನು ಒಡೆದು ತಳಪಾಯಕ್ಕೆ ಹಾಕುತ್ತಾನೆ. ಅನಸುಬಾಯಿಗೆ ಅನ್ನ ಸೇರಲಿಲ್ಲ. ಸಾಹೇಬರ ಕಲ್ಲುಗಳ ಫೋಟೋ ತೆಗೆಯಲು ಶಹಾಬಾದಿನಿಂದ ಸ್ಟುಡಿಯೋದ ಜಗದೇವಪ್ಪ ಬಂದಿದ್ದಾನೆಂದು ಕೇಳಿದ್ದೇ ತಡ, ಅವನನ್ನು ಕರೆತರುವವರೆಗೆ ಗಂಡನ ಜೊತೆ ಮಾತು ಬಿಟ್ಟಳು. ಎರಡೇ ದಿನ. ಲಾಲಪ್ಪ ಸಂಜೆ ನಾಲ್ಕಕ್ಕೆ ಜಗದೇವಪ್ಪನನ್ನು ಪೆಟ್ಟಿಗೆ ಸಮೇತ ಮನೆಗೆ ಕರೆತಂದ.

“ಮೂರೇ ಬಲ್ಬ್ ಉಳದಾವ ನೋಡವ್ವಾ. ಐದೂವರಿ ಬಸ್ಸಿಗೆ ನಾ ಹೋಗ್ಬೇಕು,” ಎಂದು ಜಗದೇವಪ್ಪ ಮೊದಲೇ ಹೇಳಿಬಿಟ್ಟ. ಆ ಫ್ಲ್ಯಾಶ್ ಬಲ್ಬುಗಳೋ, ಒಂದು ಸಲ ಝಗ್ಗೆಂದರೆ ಸುಟ್ಟೇ ಹೋಗುವಂಥವು.

ಮೊದಲನೆಯದನ್ನು ಕ್ಯಾಮರಾದ ಮೇಲೆಯೇ ಇಟ್ಟು ನೇರ ಹೊಡೆದ. ಚಪ್ಪಡಿ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ ಹೊಳೆದು ಕತ್ತಲಾಯಿತು. ಪಾದವೂ ಇಲ್ಲ, ಕಡಗವೂ ಇಲ್ಲ. ಪೀರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಅಣ್ಣಾ, ಮ್ಯಾಲಿಂದ ಬ್ಯಾಡ್ರಿ. ದೀಪ ಕೆಳಗ ಇಡ್ರಿ, ಬಾಜೂಕ. ಕಳದ ಬೊಟ್ಟ ಹುಡುಕಿದಂಗ,” ಎಂದಳು ಅನಸುಬಾಯಿ.

ಜಗದೇವಪ್ಪ ಅವಳ ಮುಖ ನೋಡಿದ. “ಖರೇ ಅದವ್ವಾ. ನನಗೇ ಹೊಳೀಬೇಕಿತ್ತು.”

ಆದರೆ ಮೂಲೆಯಲ್ಲಿ ನೀರಿನ ಹಂಡೆ. ದೀಪ ಹಿಡಿದು ಕೂರಲು ಅಲ್ಲಿ ಆಳಿಗೆ ಜಾಗವಿಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಮೇಲೆ ಬಲ್ಬು ಸಿಕ್ಕಿಸಿದ ಫ್ಲ್ಯಾಶ್ ಗನ್ನು ಕೂರಿಸಿ, ಉದ್ದ ವಾಯರು ಎಳೆದುಕೊಂಡು ಜಗದೇವಪ್ಪ ಬಾಗಿಲಿಗೆ ಬಂದ. ಗನ್ನು ಭಾರ, ಸ್ಕ್ರೂ ಸವೆದದ್ದು, ಕಲ್ಲು ಒದ್ದೆ. ಗುಂಡಿ ಒತ್ತುವ ಹೊತ್ತಿಗೆ ವಾಯರು ಜಗ್ಗಿತು, ಸ್ಟ್ಯಾಂಡಿನ ಕಾಲು ಜಾರಿತು, ಗನ್ನು ಕತ್ತು ತಿರುಗಿಸಿತು. ಝಗ್ಗೆಂದ ಬೆಳಕೆಲ್ಲ ಹಂಡೆಯ ಹೊಟ್ಟೆಗೆ ಬಿತ್ತು. ಎರಡನೇ ಬಲ್ಬೂ ಗೋವಿಂದ!

“ನಸೀಬ ಇಲ್ಲ ಬಿಡವ್ವಾ. ಈ ಸ್ಟ್ಯಾಂಡ ನಿಂದ್ರಂಗಿಲ್ಲ ಇಲ್ಲಿ,” ಎಂದು ಜಗದೇವಪ್ಪ ಪೆಟ್ಟಿಗೆ ಎಳೆದುಕೊಂಡ.

“ನಾಳಿ ಈ ಕಲ್ಲ ಇರಂಗಿಲ್ಲರಿ ಅಣ್ಣಾ.” ಅನಸುಬಾಯಿ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಅಡ್ಡ ಇಟ್ಟಳು. “ನಾ ನಿಂದರಸ್ತೀನಿ. ಜರಾ ತಡೀರಿ.”

ಅತ್ತೆ ಏನೋ ಅಂದಳು, ಅವಳು ಕೇಳಿಸಿಕೊಳ್ಳಲಿಲ್ಲ. ಒಲೆಯಿಂದ ಬೂದಿ ತಂದು, ಕಾಲು ಜಾರಿದ ಜಾಗದಲ್ಲಿ ಒದ್ದೆ ಕಲ್ಲಿನ ಮೇಲೆ ಉದುರಿಸಿದಳು. ಸ್ಟ್ಯಾಂಡಿನ ಮೂರೂ ಕಾಲನ್ನು ಪೂರಾ ಅಗಲಿಸಿ, ಗನ್ನು ಯಾವ ಕಡೆ ವಾಲುತ್ತಿತ್ತೋ ಆ ಕಡೆಗೇ ಒಂದು ಕಾಲು ಬರುವಂತೆ ಇಟ್ಟಳು. ಒಡೆದ ಬೀಸುವ ಕಲ್ಲಿನ ಹೋಳು ಹಿತ್ತಲಲ್ಲಿ ಬಿದ್ದಿತ್ತು; ಅದನ್ನು ನಡುಗಂಬಕ್ಕೆ ಒತ್ತಿ ಕಟ್ಟಿದಳು. ವಾಯರನ್ನು ಸ್ಟ್ಯಾಂಡಿನ ಕಾಲಿಗೆ ಸುತ್ತಿ, ಗೋಡೆಗುಂಟ ಸಡಿಲ ಬಿಟ್ಟಳು. ಕೊನೆಗೆ ಹಳೆ ಸೀರೆಯ ಪಟ್ಟಿ ಹರಿದು, ಗನ್ನಿನ ಕತ್ತು ಸ್ಟ್ಯಾಂಡಿಗೆ ಕೂಡುವ ಜಾಗಕ್ಕೆ ಬಿಗಿದಳು. ಕೂಸನ್ನು ತೂಗುವ ಜೋಳಿಗೆಗೆ ಹಾಕುವ ಗಂಟು ಅದು. ಕೂಸು ಒದ್ದರೂ ಹೊರಳಿದರೂ ಜಾರುವುದಿಲ್ಲ.

ಜಗದೇವಪ್ಪ ಬೆರಳಿನಿಂದ ನೂಕಿದ. ಅಲುಗಲಿಲ್ಲ. ಹಿಡಿದು ಅಲುಗಿಸಿದ. ಊಹೂಂ! “ನನ್ನ ಸ್ಟುಡಿಯೋದಾಗೂ ಇದು ಇಷ್ಟ ಗಟ್ಟಿ ನಿಂತಿಲ್ಲ ನೋಡವ್ವಾ,” ಎಂದ. ಮೂರನೇ ಬಲ್ಬನ್ನು ಸಿಕ್ಕಿಸಿ ಬಾಗಿಲಿಗೆ ಬಂದ. ಅವನ ಹೆಗಲ ಆಚೀಚೆಯಿಂದ ಅತ್ತೆ, ಸೊಸೆ, ಲಾಲಪ್ಪ ಇಣುಕಿದರು.

ಝಗ್!

ಅಯ್ಯೋ, ಅದನ್ನು ಹೇಗೆ ಹೇಳುವುದು! ಕಣ್ಣು ಮಿಟುಕಿಸುವಷ್ಟು ಹೊತ್ತು ಇಡೀ ಚಪ್ಪಡಿ ಎದ್ದು ಕುಳಿತಿತು. ಒಬ್ಬ ಹೆಂಗಸು. ಎರಡೂ ಕಾಲು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತಿದ್ದಾಳೆ. ಕಾಲ ಮೇಲೆ ಬೋರಲು ಮಲಗಿದ ಕೂಸು, ಅದರ ಗದ್ದದ ಕೆಳಗೆ ಅವಳ ಎಡಗೈ, ಬಲಗೈಯಲ್ಲಿ ಎತ್ತಿ ಹಿಡಿದ ಗಿಂಡಿ. ಕೂಸಿಗೆ ಎರೆಯುತ್ತಿದ್ದಾಳೆ!

ಕತ್ತಲಾಯಿತು. ಕತ್ತಲಲ್ಲೂ ಅವಳು ಕಣ್ಣೊಳಗೆ ತೇಲುತ್ತಿದ್ದಳು. ಅನಸುಬಾಯಿ ಕಣ್ಣು ಮುಚ್ಚಿ ಮತ್ತೆ ಅವಳನ್ನೇ ನೋಡಿದಳು. ಹೆಸರು ಗೊತ್ತಿಲ್ಲ, ಕಾಲ ಗೊತ್ತಿಲ್ಲ. ಆದರೆ ತಾನು ನಾಲ್ಕು ತಿಂಗಳಿಂದ ದಿನಾ ಕೂರುವ ಜಾಗದಲ್ಲೇ, ತನ್ನ ಹಾಗೆಯೇ ಕಾಲು ಚಾಚಿ ಕೂತವಳು! ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಜಗದೇವಪ್ಪ ಕದಲಲಿಲ್ಲ.

“ಅವ್ವಾ…” ಎಂದ. “ಸಾಹೇಬರ ಕಲ್ಲ ನೂರಾರು ತಗದೀನಿ. ಇಂಥದು ಕಂಡಿಲ್ಲ.” ಪಂಡಿತ ಲಾಲಪ್ಪ ಕಾಲಲ್ಲಿದ್ದ ಚಪ್ಪಲಿ ಬಿಚ್ಚಿ ಆಚೆ ಇಟ್ಟ.

ಪೀರಮ್ಮ ಒಂದು ಕಾಲು ಹೊಸ್ತಿಲಿನೊಳಗೆ ಇಟ್ಟು ಇಣುಕಿದಳು. “ಆಕಿ ಮಾರಿ ಎಲ್ಲೆದ? ಮಾರಿ ಕಾಣ್ಲಿಲ್ಲಲ್ಲ?”

ಮುಖವಿರಬೇಕಾದಲ್ಲಿ ಕಲ್ಲು ನುಣ್ಣಗಿತ್ತು. ದಿನಾ ಹಿಮ್ಮಡಿ ತಿಕ್ಕುವ ಜಾಗ ಅದು. ಪೀರಮ್ಮನಿಗೆ ತಾನಾಗಿಯೇ ಹೊಳೆಯಿತು. ಹೊಸ್ತಿಲಿನೊಳಗೆ ಇಟ್ಟಿದ್ದ ಕಾಲನ್ನು ಮೆಲ್ಲಗೆ ಹಿಂದೆ ತೆಗೆದಳು. ಕೂತು, ಬಗ್ಗಿ, ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ನಾನೇ ತಿಕ್ಕಿ ತಿಕ್ಕಿ ಸವಸೀನಿ. ನೀ ಹೇಳಿದ್ದು ಖರೇ ಇತ್ತು ಅನಸೂ, ನಾ ನಕ್ಕೆ,” ಎಂದಳು. ಮಗನ ಕಡೆ ತಿರುಗಿದಳು. “ಏ, ಗೌಂಡಿಗಿ ಬರಬ್ಯಾಡಂತ ಹೇಳಿ ಬಾ. ಈಗಿಂದೀಗ ಹೋಗು. ಇನ್ನ ಈ ಕಲ್ಲಿಗಿ ಯಾರೂ ಕಾಲ ಇಡಬಾರದು.”

ಒಳಗೆ ಕೂಸು ಎದ್ದು ಅತ್ತಿತು. ಅದಕ್ಕೆ ಎರೆಯುವ ಹೊತ್ತಾಗಿತ್ತು. ಬಚ್ಚಲಕ್ಕೆ ಹೋಗುವಂತಿಲ್ಲವಲ್ಲ! ಪೀರಮ್ಮ ಅಂಗಳದಲ್ಲೇ ಎರಡೂ ಕಾಲು ಚಾಚಿ ಕೂತು ಮೊಮ್ಮಗಳನ್ನು ಬೋರಲು ಮಲಗಿಸಿಕೊಂಡಳು. ಎಡಗೈ ಗದ್ದದ ಕೆಳಗೆ ಹೋಯಿತು, ಬಲಗೈ ತಂಬಿಗೆ ಎತ್ತಿತು. ಅನಸುಬಾಯಿ ಬಿಸಿನೀರು ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾಗಿದ ಅತ್ತೆಯ ಸುಕ್ಕು ಮುಖದ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಕಲ್ಲಿನವಳಿಗೆ ಇಲ್ಲದ ಮುಖ ಇದೇ ಇರಬೇಕು ಎನಿಸಿ ಅವಳ ಕಣ್ಣು ತುಂಬಿತು.

“ನೀರ ಆರ್ಲಿಕತ್ತದ, ತಾ ಇಲ್ಲಿ,” ಎಂದಳು ಪೀರಮ್ಮ.