ಕೆಳಗಿನ ಸೆಟ್ಟು ಕಚ್ಚುತ್ತಿದೆ

ಮೆಟ್ಟಿಲಿನ ಕಂಬಿಗೆ ಯಾರೋ ಹಸಿರು ಬಣ್ಣ ಬಳಿದಿದ್ದಾರೆ, ನಾಲ್ಕು ವರ್ಷದ ಹಿಂದೆ ಇದು ಕಂದು ಇತ್ತು, ಕಂದು ಅಲ್ಲ, ತುಕ್ಕು, ಬಣ್ಣವೇ ಇರಲಿಲ್ಲ, ಹಿಡಿದರೆ ಅಂಗೈಗೆ ಪುಡಿ ಅಂಟುತ್ತಿತ್ತು, ಹತ್ತೊಂಬತ್ತು, ಇಪ್ಪತ್ತು, ಒಂದು ಮಹಡಿಗೆ ಹದಿನಾಲ್ಕು ಮೆಟ್ಟಿಲು, ಮೂರು ಮಹಡಿಗೆ ನಲವತ್ತೆರಡು, ಅಣ್ಣ ಹೆಗಲ ಮೇಲೆ ಪೈಪು ಹೊತ್ತು ಇದನ್ನು ಹತ್ತುತ್ತಿದ್ದ, ನಾನು ಅಂಗೈಯಗಲದ ಡಬ್ಬಿ ಹಿಡಿದು ಏದುಸಿರು ಬಿಡುತ್ತಿದ್ದೇನೆ, ಡಬ್ಬಿಯಲ್ಲಿ ಒಂದು ಅರ, ಒಂದು ಪುಟ್ಟ ಕನ್ನಡಿ, ಟಾರ್ಚು, ಹತ್ತಿ. ಒಂಬತ್ತು ಗಂಟೆ ಐದು ನಿಮಿಷ. ಫೋನು ಬಂದದ್ದು ಎಂಟು ಹತ್ತಕ್ಕೆ. ಚಿಕ್ಕಪ್ಪ, ಅಪ್ಪ ಹೋಗ್ಬಿಟ್ರು, ಆರು ಗಂಟೆ ಹೊತ್ತಿಗೆ, ಎದ್ದು ಮುಖ ತೊಳ್ಕೊಂಡು ಬಂದು ಮಂಚದ ಮೇಲೆ ಕೂತ್ರು, ಅಷ್ಟೇ — ಅಣ್ಣನ ಮಗಳು ಅಳುತ್ತಿರಲಿಲ್ಲ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು — ಬಾಯಿ ಒಳಗೆ ಹೋಗ್ಬಿಟ್ಟಿದೆ, ಶವಪೆಟ್ಟಿಗೆಯವನು ಹಲ್ಲಿನ ಸೆಟ್ಟು ಹಾಕೋಕೆ ನೋಡಿದ, ಮೇಲಿಂದು ಕೂತ್ಕೊಳ್ತು, ಕೆಳಗಿಂದು ಆಗ್ತಿಲ್ಲ ಅಂತಾನೆ, ದವಡೆ ಬಿಗಿಯೋ ಮುಂಚೆ ಹಾಕ್ಬೇಕಂತೆ, ನೀವೇ ಮಾಡಿದ್ದಲ್ವಾ, ನೀವೇ ಬಂದು ಹಾಕಿ. ಆಗ ನಾನು ಯಾರನ್ನೂ ಏನೂ ಕೇಳಲಿಲ್ಲ, ಪ್ರಾರ್ಥನೆಗೆ ಮೊಣಕಾಲೂರಲಿಲ್ಲ, ಚಪ್ಪಲಿ ಮೆಟ್ಟಿ ಹೊರಟೆ, ಹನ್ನೆರಡು ನಿಮಿಷದಲ್ಲಿ ಬಸ್ಸು ಸಿಕ್ಕಿತು, ಬಸ್ಸಿನಲ್ಲಿ ಮೂವತ್ತೈದು ನಿಮಿಷ, ಇಷ್ಟೇ ದೂರ, ಒಂಬತ್ತು ದಿನ ನಾನು ಬರಲಾಗದೆ ಕೂತಿದ್ದು ಇಷ್ಟೇ ದೂರಕ್ಕೆ.

ಇಪ್ಪತ್ತೆಂಟು, ಎರಡನೇ ಮಹಡಿ, ಒಂದು ಗಳಿಗೆ ನಿಲ್ಲೋಣ — ನಾನು ಬಾಯಿಗೆ ಕೈ ಹಾಕುವವನಲ್ಲ, ಅಚ್ಚಿಗೆ ಕೈ ಹಾಕುವವನು, ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರು ಎರೆದು ಅಚ್ಚು ತೆಗೆದು ಮೇಣದಲ್ಲಿ ಹಲ್ಲು ಕೂರಿಸುತ್ತೇನೆ, ಮೂವತ್ತೊಂದು ವರ್ಷ, ಸಾವಿರಾರು ಬಾಯಿ, ಒಂದರ ಮುಖವೂ ಗೊತ್ತಿಲ್ಲ, ಅಚ್ಚು ಮಾತಾಡುವುದಿಲ್ಲ, ನೋವು ಅನ್ನುವುದಿಲ್ಲ. ನಾನೇ ಅಳತೆ ತೆಗೆದದ್ದು ಒಂದೇ ಬಾಯಿಗೆ, ಅಣ್ಣನದಕ್ಕೆ, ಡಾಕ್ಟರ ಹತ್ತಿರ ಹೋಗಲೊಲ್ಲೆ ಅಂದ, ನನ್ನ ತಮ್ಮ ಇರೋವಾಗ ಡಾಕ್ಟರ ಮುಂದೆ ಯಾಕೆ ಬಾಯಿ ಬಿಡ್ಲಿ, ಲೇ ಪಾದ್ರಿ, ನೀನು ಬಾಯಿ ರಿಪೇರಿ, ನಾನು ನಲ್ಲಿ ರಿಪೇರಿ, ಎಷ್ಟು ಬಿಗಿ ಮಾಡಿದ್ರೂ ಎರಡೂ ಸೋರೋದೇ. ಅತ್ತಿಗೆ ಬಾಗಿಲ ಹತ್ತಿರ ನಿಂತು ನಕ್ಕಿದ್ದರು. ಪಾದ್ರಿ ಅನ್ನುವುದು ಅವನಿಟ್ಟ ಹೆಸರು, ನಾನು ಪಾದ್ರಿಯಲ್ಲ, ಚರ್ಚಿನ ಸಭೆಯ ಹಿರಿಯ ಅಷ್ಟೆ, ಆದರೆ ಜನ ಪಾದ್ರಿಯನ್ನು ಕೇಳುವುದಕ್ಕಿಂತ ಹೆಚ್ಚು ನನ್ನನ್ನು ಕೇಳುತ್ತಾರೆ, ಈ ಕೆಲಸಕ್ಕೆ ಸೇರಲಾ, ಈ ಹುಡುಗನಿಗೆ ಮಗಳನ್ನು ಕೊಡಲಾ, ಹಿರಿಯರನ್ನ ಕೇಳಿ, ಅವರಿಗೆ ಮೇಲಕ್ಕೆ ನೇರ ಲೈನ್ ಇದೆ ಅಂತ ಹಿಂದೆ ನಗುತ್ತಾರೆ, ಮುಂದೆ ಬಂದು ಕೈ ಕಟ್ಟಿ ನಿಲ್ಲುತ್ತಾರೆ. ನಾನು ಪ್ರಾರ್ಥನೆ ಮಾಡಿ ಹೇಳುತ್ತೇನೆ. ಸುಳ್ಳಲ್ಲ. ಕೇಳಿಸುತ್ತದೆ. ಕಿವಿಗಲ್ಲ, ಎದೆಯಲ್ಲಿ ಒಂದು ಕಡೆ ಸುಮ್ಮನಾಗುತ್ತದೆ, ಅಷ್ಟೆ, ಅಮ್ಮನಿಗೂ ಹಾಗೇ ಇತ್ತು, ಅವಳು ಒಲೆಯ ಮುಂದೆ ಕೂತೇ ಕೇಳುತ್ತಿದ್ದಳು, ಕೇಳಿ ತಕ್ಷಣ ಎದ್ದು ಹೋಗುತ್ತಿದ್ದಳು, ಯಾರ ಮನೆಗೋ, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು. ಒಂದ್ಸಲ ಕೇಳಿದ್ರೆ ಸಾಕು ಮಗಾ, ಮತ್ತೆ ಮತ್ತೆ ಕೇಳೋನು ಕಿವುಡ ಅಲ್ಲ, ಸೋಮಾರಿ.

ಆದರೆ ಅತ್ತಿಗೆಯನ್ನು ಮಣ್ಣು ಮಾಡಿದ ದಿನ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಅಣ್ಣ ಗುಂಡಿಯ ಅಂಚಿನಲ್ಲಿ ನಿಂತಿದ್ದ, ಅವನ ಬೂಟಿನ ಮೇಲೆ ಹಸಿ ಮಣ್ಣು, ನಾನು ಹೆಗಲ ಮೇಲೆ ಕೈಯಿಟ್ಟೆ, ಇದು ದೇವರ ಚಿತ್ತ ಅಣ್ಣ ಅಂದೆ, ನಾನು ಅದನ್ನು ಕೇಳಿಸಿಕೊಂಡು ಹೇಳಿದ್ದಲ್ಲ, ಬಾಯಿಗೆ ಬಂತು, ಅಭ್ಯಾಸ. ಅವನು ತಿರುಗಿದ. ನಿನಗ್ಹೇಗೋ ಗೊತ್ತು? ಫೋನ್ ಮಾಡಿದ್ನಾ? ಜನ ನೋಡುತ್ತಿದ್ದರು. ನನಗೆ ಗೊತ್ತಿಲ್ಲ ಅಂತ ಹೇಳೋದನ್ನ ಕಲ್ತ ದಿನ ನಮ್ಮನೆಗೆ ಬಾ, ಅಲ್ಲೀವರೆಗೂ ಬರಬೇಡ. ಮೂರು ಶಬ್ದವೂ ಇಲ್ಲ, ಎರಡು, ನಾಲ್ಕು ವರ್ಷ ಆ ಎರಡು ಶಬ್ದ ನನ್ನ ಬಾಯಲ್ಲಿ ಕೂರಲಿಲ್ಲ. ಮೂವತ್ತಾರು. ಹೋದ ವಾರ ಸೋಮವಾರ ಅವನ ಮಗಳು ಕೆಲಸದ ಕೋಣೆಗೆ ಬಂದಳು, ಮೇಜಿನ ಮೇಲೆ ಕೆಳಗಿನ ಸೆಟ್ಟನ್ನು ಕರವಸ್ತ್ರದಲ್ಲಿ ಇಟ್ಟಳು, ಚಿಕ್ಕಪ್ಪ, ಇದು ಕಚ್ಚುತ್ತಂತೆ, ಎಡಗಡೆ, ಅಪ್ಪಾನೇ ಕಳ್ಸಿದ್ರು. ಅವನೇನಾ? ಅಂದೆ. ಅವರೇ, ಪಾದ್ರಿಗೆ ಕೊಡು ಅಂದ್ರು. ಸೆಟ್ಟನ್ನು ಬೆಳಕಿಗೆ ಹಿಡಿದೆ, ಸೆಟ್ಟಿನಲ್ಲಿ ದೋಷವಿರಲಿಲ್ಲ, ವಯಸ್ಸಾದಂತೆ ವಸಡು ಕುಗ್ಗುತ್ತದೆ, ಸೆಟ್ಟು ಕುಗ್ಗುವುದಿಲ್ಲ, ಅದಕ್ಕೆ ಕಚ್ಚುತ್ತದೆ. ಎಲ್ಲಿ ಒತ್ತುತ್ತದೋ ಅಲ್ಲಿ ಸೆಟ್ಟನ್ನು ಒಂದು ಕೂದಲೆಳೆಯಷ್ಟು ಉಜ್ಜಬೇಕು, ಅರ್ಧ ನಿಮಿಷದ ಕೆಲಸ, ಆದರೆ ಎಲ್ಲಿ ಅನ್ನುವುದು ಅಚ್ಚು ನೋಡಿದರೆ ತಿಳಿಯುವುದಿಲ್ಲ, ಬಾಯಿಯನ್ನೇ ನೋಡಬೇಕು, ಅದಕ್ಕೆ ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ, ನೋವಾದರೂ ಹಿಂದಿನ ದಿನದಿಂದ ಹಾಕಿಕೊಂಡೇ ಇರಬೇಕು, ಬಿಚ್ಚಿಟ್ಟರೆ ಒತ್ತಿದ ಜಾಗ ಮಾಯ್ದು ಬಿಡುತ್ತದೆ, ಕೆಂಪಾಗಿದ್ದರೆ ಮಾತ್ರ ಅರಕ್ಕೆ ದಾರಿ ಗೊತ್ತಾಗುತ್ತದೆ. ಹಾಗೆಂದೇ ಹೇಳಿದೆ. ಗುರುವಾರ ಹತ್ತು ಗಂಟೆಗೆ ಬರ್ತೀನಿ, ಬುಧವಾರದಿಂದ ಹಾಕ್ಕೊಂಡಿರೋಕೆ ಹೇಳು, ನಾನು ಬರೋವರೆಗೂ ತೆಗೀಬಾರದು, ರಾತ್ರಿ ಮಲಗೋವಾಗ ಬೇಕಾದ್ರೆ ತೆಗೀಲಿ. ಅವಳು ಸೆಟ್ಟನ್ನು ಮತ್ತೆ ಕರವಸ್ತ್ರದಲ್ಲಿ ಮಡಚಿಕೊಂಡಳು. ಬರ್ತೀರಾ ಚಿಕ್ಕಪ್ಪ, ನಿಜವಾಗ್ಲೂ? ಅವಳ ಮುಖ ಹಗುರಾಗಿದ್ದನ್ನು ನೋಡಿದೆ.

ಗುರುವಾರ ಬೆಳಗ್ಗೆ ಐದೂವರೆಗೆ ಪ್ರಾರ್ಥನೆಗೆ ಕೂತೆ, ಹೋಗಲಾ ಕರ್ತನೇ ಅನ್ನುವ ಮೊದಲೇ ಎದೆ ಸುಮ್ಮನಾಯಿತು, ಹೋಗು, ಇಷ್ಟು ಸ್ಪಷ್ಟವಾಗಿ ನನ್ನ ಜೀವಮಾನದಲ್ಲಿ ನಾಲ್ಕೈದು ಸಲ ಕೇಳಿರಬಹುದು. ಎದ್ದಿದ್ದರೆ ಮುಗಿಯುತ್ತಿತ್ತು. ಎದ್ದರೆ ಆ ಬಾಗಿಲು, ಆ ಎರಡು ಶಬ್ದ, ಆಮೇಲೆ ಸಭೆಯಲ್ಲಿ ಎದ್ದು ಯಾರಿಗೆ ಏನು ಹೇಳಲಿ — ಆಗ ಅಂದೆ, ಕರ್ತನೇ, ಒಂದು ಸೂಚನೆ ಕೊಡು, ಪ್ಲಾಸ್ಟರಿನ ಚೀಲ ಹತ್ತು ಗಂಟೆಯೊಳಗೆ ಬಂದರೆ ಹೋಗುತ್ತೇನೆ. ಒಂಬತ್ತೂವರೆಗೆ ಬಂತು. ಅದು ಯಾವಾಗಲೂ ಒಂಬತ್ತೂವರೆಗೇ ಬರುತ್ತದೆ, ಇದೆಂಥ ಸೂಚನೆ ಅಂದುಕೊಂಡೆ. ಹನ್ನೆರಡಕ್ಕೆ ಫೋನು, ಚಿಕ್ಕಪ್ಪ, ಅಪ್ಪ ಕಾಯ್ತಿದ್ದಾರೆ. ಬರ್ತೀನಮ್ಮ, ಪ್ರಾರ್ಥನೆಯಲ್ಲಿ ಇಟ್ಟಿದ್ದೀನಿ. ಹಲ್ಲನ್ನಾ? ಅಂದಳು, ನಗಲಿಲ್ಲ. ಶನಿವಾರ ಬೇರೆ ಸೂಚನೆ ಕೇಳಿದೆ, ಸಂಜೆಯೊಳಗೆ ಯಾರಾದರೂ ಅಣ್ಣನ ಸುದ್ದಿ ಎತ್ತಬೇಕು, ಎತ್ತಿದವಳು ಹೆಂಡತಿ, ಹೆಂಡತಿ ಲೆಕ್ಕಕ್ಕಿಲ್ಲ ಅಂತ ಬಿಟ್ಟೆ. ಭಾನುವಾರ ಸಭೆಯಲ್ಲಿ ಮಾತಾಡುವ ಸರದಿ ನನ್ನದು, ದಿನನಿತ್ಯದ ಬಾಳಿನಲ್ಲಿ ದೇವರ ದಾರಿಗೆ ವಿಧೇಯರಾಗುವುದು, ಇಪ್ಪತ್ತೆರಡು ನಿಮಿಷ ಮಾತಾಡಿದೆ, ಒಬ್ಬಳು ಮುದುಕಿ ಕಣ್ಣೊರೆಸಿಕೊಂಡಳು. ಮಂಗಳವಾರ ಹೆಂಡತಿ ತಟ್ಟೆ ಕುಕ್ಕಿದಳು. ಅಲ್ಲ ಕಣ್ರೀ, ಹಲ್ಲುಜ್ಜೋಕೂ ದೇವರನ್ನ ಕೇಳೋ ಮನುಷ್ಯ ನೀವು, ಒಡಹುಟ್ಟಿದೋನ ಮನೆಗೆ ಹೋಗೋಕೆ ಎಂಥ ಸೂಚನೆ, ಬಸ್ಸಿನ ಬೋರ್ಡ್ ನೋಡಿ ಹತ್ತಿ, ಅದೇ ಸೂಚನೆ. ನಿನಗೆ ಗೊತ್ತಾಗಲ್ಲ, ಇನ್ನೂ ಸಮಾಧಾನ ಸಿಕ್ಕಿಲ್ಲ ನನಗೆ. ನಿಮ್ಮ ಸಮಾಧಾನ ಸಿಗೋ ಹೊತ್ತಿಗೆ ಅವರ ವಸಡೂ ಉಳಿಯಲ್ಲ. ಬೈದಳೆಂದು ಬುಧವಾರ ಹೊರಡಲಿಲ್ಲ, ಹೆಂಡತಿಯ ಮಾತಿಗೆ ಹೋದರೆ ಅದು ವಿಧೇಯತೆಯಾಗುವುದಿಲ್ಲ ಅಂತ, ಇಂಥ ಲೆಕ್ಕ ದೇವರನ್ನು ನಂಬದವನಿಗೆ ಹೊಳೆಯುವುದೇ ಇಲ್ಲ, ಇದಕ್ಕೆ ನನ್ನಂಥವನೇ ಬೇಕು. ಗುರುವಾರ, ನಿನ್ನೆ, ಮತ್ತೆ ಕೂತೆ. ಎದೆಯಲ್ಲಿ ಏನೂ ಇರಲಿಲ್ಲ. ಹೇಳುವುದನ್ನು ಹೇಳಿ ಮುಗಿಸಿದವನು ಮತ್ತೇನು ಹೇಳುತ್ತಾನೆ. ನಲವತ್ತೆರಡು.

ಬಾಗಿಲು ತೆರೆದೇ ಇದೆ, ಅಣ್ಣನ ಮಗಳು ಸರಿದು ನಿಂತು ದಾರಿ ಬಿಟ್ಟಳು, ಒಳಗೆ ಬನ್ನಿ, ಎರಡೇ ಕೋಣೆ, ಕಿಟಕಿಗೆ ಅತ್ತಿಗೆ ಹೊಲಿದ ಪರದೆ, ಮೂಲೆಯಲ್ಲಿ ಪೈಪು ತಿರುಗಿಸುವ ಪಾನಾಗಳು ಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ, ಒರೆಸಿ ಇಟ್ಟಿದ್ದಾನೆ, ಮಂಚದ ಹತ್ತಿರ ಶವಪೆಟ್ಟಿಗೆಯವನು ತೋಳು ಮಡಚಿ ನಿಂತಿದ್ದಾನೆ, ಬನ್ನಿ ಸ್ವಾಮಿ, ಬಿಸಿನೀರಿನ ಬಟ್ಟೆ ಹಾಕಿ ದವಡೆ ಸಡಿಲ ಮಾಡಿದ್ದೀನಿ, ಹತ್ತು ನಿಮಿಷ ಸಿಗಬಹುದು. ಅಣ್ಣನ ಮುಖ ಕುಗ್ಗಿದೆ, ಮೂಗು ಗದ್ದದ ಹತ್ತಿರ ಬಂದಿದೆ, ಇವನು ಯಾರೋ ಮುದುಕ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನಲ್ಲ. ಕೆಳಗಿನ ಸೆಟ್ಟು ಬಟ್ಟಲಿನ ನೀರಿನಲ್ಲಿದೆ. ತುಟಿ ಬಿಡಿಸಿದೆ, ತಣ್ಣಗಿದೆ, ಟಾರ್ಚು ಹಾಕಿದೆ, ಎಡಗಡೆ, ಕೆಳಗೆ, ಎರಡನೇ ದವಡೆ ಹಲ್ಲು ಕೂರುವ ಜಾಗ — ಹುಣ್ಣು. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ನಡುವೆ ಬಿಳಿ, ಸುತ್ತ ಕೆಂಪು, ಕೆಂಪು ಇನ್ನೂ ಪೂರ್ತಿ ಹೋಗಿಲ್ಲ. ಇದು ಒಂದು ದಿನದ್ದಲ್ಲ, ಒಂದು ದಿನಕ್ಕೆ ಬರೀ ಕೆಂಪಾಗುತ್ತದೆ, ನಡುವೆ ಬಿಳಿಯಾಗಲು ಒಂದು ವಾರ ಬೇಕು, ಒಂದು ವಾರ ಬಿಡದೆ ಒತ್ತಬೇಕು, ನನಗೆ ಗೊತ್ತು, ನನಗೆ ಗೊತ್ತಿರುವುದು ಇದೊಂದೇ. ಹಾಕಿ ಸ್ವಾಮಿ, ಅಂದ ಶವಪೆಟ್ಟಿಗೆಯವನು. ಕೆಳಗಿನ ಸೆಟ್ಟು ಕೈಯಲ್ಲಿದೆ, ಇಟ್ಟರೆ ಸರಿಯಾಗಿ ಅದರ ಮೇಲೆ ಕೂರುತ್ತದೆ, ಸತ್ತವನಿಗೆ ನೋವಿಲ್ಲ, ಎಲ್ಲರಿಗೂ ಗೊತ್ತು, ಕೈ ಕೆಳಗಿಳಿಯಲಿಲ್ಲ, ಡಬ್ಬಿ ತೆರೆದು ಅರ ತೆಗೆದು ಕಿಟಕಿಯ ಹತ್ತಿರ ಹೋಗಿ ಉಜ್ಜಿದೆ, ಗುಲಾಬಿ ಪುಡಿ ಉದುರಿತು, ಅರ್ಧ ನಿಮಿಷ, ಇಪ್ಪತ್ತೆಂಟು ಸೆಕೆಂಡು ಇರಬಹುದು. ಈಗ್ಯಾಕೆ ಚಿಕ್ಕಪ್ಪ? ಕಚ್ಚುತ್ತೆ ಅಂದಿದ್ದನಲ್ಲಮ್ಮ. ಅವಳು ಪರದೆಯ ಅಂಚು ಹಿಡಿದುಕೊಂಡಳು. ತೆಗೀರಿ ಅಪ್ಪ, ಚಿಕ್ಕಪ್ಪ ಬರೋ ದಿನ ಹಾಕ್ಕೊಳ್ಳಿ ಅಂತ ದಿನಾ ಹೇಳ್ದೆ, ಕೇಳಲಿಲ್ಲ, ಊಟ ಮಾಡ್ತಿರಲಿಲ್ಲ, ಹಾಲಲ್ಲಿ ಬ್ರೆಡ್ ಅದ್ದಿ ನುಂಗೋರು, ಬೆಳಗ್ಗೆ ಎದ್ದ ತಕ್ಷಣ ಹಾಕ್ಕೊಂಡು ಕುರ್ಚಿ ಬಾಗಿಲಿನ ಕಡೆ ತಿರುಗಿಸಿ ಕೂತ್ಕೊಳ್ಳೋರು, ಪಾದ್ರಿ ಬರೋವರೆಗೂ ತೆಗೀಬಾರದು ಅಂತ ಹೇಳಿದ್ದಾನೆ, ಅವನ ಕೆಲಸ ಅವನಿಗೆ ಗೊತ್ತು, ಹೇಳಿದ ಮೇಲೆ ಬರ್ತಾನೆ ಅನ್ನೋರು. ಒಂಬತ್ತು ದಿನ ಚಿಕ್ಕಪ್ಪ. ಯಾಕೆ ಬರಲಿಲ್ಲ?

ಉತ್ತರ ಸಿದ್ಧವಿದೆ, ನಾಲಿಗೆಯ ತುದಿಯಲ್ಲಿದೆ, ದೇವರ ಸಮಯ, ದೇವರ ಚಿತ್ತ, ನಯವಾಗಿ ಉಜ್ಜಿ ಹೊಳಪು ಕೊಟ್ಟ ಮಾತುಗಳು, ಎಲ್ಲಿಯೂ ಕಚ್ಚದವು, ಆಗ ಎದೆಯಲ್ಲಿ ಆ ಕಡೆ ಸುಮ್ಮನಾಯಿತು, ನಿನ್ನೆ ಇಲ್ಲದ್ದು ಇವತ್ತು, ಹೇಳು. ನಾನು ಇನ್ನೊಂದು ಸಲ ಕೇಳಲಿಲ್ಲ. ಹೋಗು ಅಂತ ದೇವರು ಮೊದಲ ದಿನವೇ ಹೇಳಿದ್ದ, ಸ್ಪಷ್ಟವಾಗಿ ಹೇಳಿದ್ದ, ಬರದೆ ಇದ್ದವನು ನಾನು, ನಿಮ್ಮಪ್ಪನ ಮುಂದೆ ಸಣ್ಣವನಾಗೋಕೆ ಆಗಲಿಲ್ಲ, ಅದಕ್ಕೆ ಸೂಚನೆ ಕೇಳ್ತಾ ಕೂತೆ, ಪ್ರಾರ್ಥನೆ ಅಲ್ಲ ಅದು, ಬಚ್ಚಿಟ್ಟುಕೊಳ್ಳೋದು. ಶವಪೆಟ್ಟಿಗೆಯವನು ಗೋಡೆ ನೋಡಿದ. ಅವಳು ಅಳುವಳೆಂದುಕೊಂಡೆ, ಬಯ್ಯುವಳೆಂದುಕೊಂಡೆ, ಬೈದರೆ ಒಳ್ಳೆಯದಿತ್ತು, ಹಾಕಿ ಚಿಕ್ಕಪ್ಪ, ದವಡೆ ಬಿಗೀತಿದೆ ಅಂದಳು. ಹಾಕಿದೆ. ಈಗ ಸುಲಭವಾಗಿ ಕೂತಿತು, ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ, ತುಟಿ ಮುಚ್ಚಿದೆ, ಕೆನ್ನೆ ತುಂಬಿಕೊಂಡಿತು, ಅಣ್ಣ ವಾಪಸು ಬಂದ, ಇನ್ನೇನು ಲೇ ಅನ್ನುತ್ತಾನೆ ಅನ್ನುವ ಹಾಗೆ. ಒಳ್ಳೆ ಕೈ ಸ್ವಾಮಿ ನಿಮ್ಮದು, ಅಂದ ಶವಪೆಟ್ಟಿಗೆಯವನು. ಮೆಟ್ಟಿಲ ಮೇಲೆ ಹೆಜ್ಜೆ, ಸಭೆಯವರು ಬಂದರು, ಬಿಳಿ ಹೂವು, ಪಿಸುಮಾತು, ಯಾರೋ ಕುರ್ಚಿ ಸರಿಸಿದರು, ಯಾರೋ ನನ್ನ ಮೊಣಕೈ ಮುಟ್ಟಿದರು, ಹಿರಿಯರೇ, ಪ್ರಾರ್ಥನೆ ಶುರು ಮಾಡಿ, ಎರಡು ಸಮಾಧಾನದ ಮಾತು ಹೇಳಿ. ಎಲ್ಲರೂ ತಲೆ ಬಗ್ಗಿಸಿದ್ದಾರೆ. ಅಣ್ಣನ ಮಗಳು ಬಗ್ಗಿಸಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಾಳೆ. ಕಣ್ಣು ಮುಚ್ಚಿದೆ, ಕರ್ತನೇ ಅಂದೆ, ಕರ್ತನೇ, ನಾವು ನಿನ್ನ — ಎಡಗಡೆ, ಕೆಳಗೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಕರ್ತನೇ, ಕುರ್ಚಿ ಬಾಗಿಲಿನ ಕಡೆ, ನಡುವೆ ಬಿಳಿ, ಕರ್ತನೇ, ನಡುವೆ ಬಿಳಿ, ಸುತ್ತ ಕೆಂಪು