ವೀಳ್ಯದ ಮುಂದೆ ಪುವಾಧಿ

ತಾನು ಚಂಡೀಗಢದವನೆಂದು ಹರ್ಜಿಂದರ್ ಸಿಂಗ್ ಕಾಫಿ ಆರುವುದರೊಳಗೆ ಮೂರು ಸಲ ಹೇಳಿದ. ಕೇಳಿದವರು ಯಾರೂ ಇರಲಿಲ್ಲ. ಅವನ ಮಗ ಅಮನ್‌ಗೂ ನನ್ನ ಅಣ್ಣನ ಮಗಳು ರಮ್ಯಶ್ರೀಗೂ ಅಂದು ಅಣ್ಣನ ಮನೆಯಲ್ಲಿ ವೀಳ್ಯಶಾಸ್ತ್ರ. ಜೊತೆಗೆ ಬಂದಿದ್ದ ತನ್ನ ತಾಯಿ ಬಚನ್ ಕೌರ್‌ರನ್ನು ಮಾತ್ರ ಈ ಮಹಾರಾಯ ಒಳಕೋಣೆಯಲ್ಲಿ ಟೀವಿಯ ಮುಂದೆ ಕೂರಿಸಿದ್ದ.

"ಅಜ್ಜಿ ಮಾತಾಡೋದು ಪುವಾಧಿ, ಆಂಟಿ," ಎಂದ ಅಮನ್. ಇಲ್ಲೇ ಪಕ್ಕದ ಬಡಾವಣೆ ವಿಜಯನಗರದಲ್ಲಿ ಓದಿ ಬೆಳೆದ ಹುಡುಗ. "ಅದೂ ಪಂಜಾಬೀನೇ. ರೋಪಡ, ಮೊಹಾಲಿಯಿಂದ ಅಂಬಾಲಾ ಕಡೆ ತನಕ ಆಡ್ತಾರೆ. ಹಳ್ಳಿ ಮಾತು ಅಂತ ಅಪ್ಪಂಗೆ ನಾಚಿಕೆ."

ಹೆತ್ತವಳ ಮಾತಿಗೆ ನಾಚುವವನು ತಿಂದ ಅನ್ನಕ್ಕೂ ನಾಚಬೇಕು. ನನ್ನ ಅಣ್ಣ ನಂಜುಂಡಪ್ಪನೇನು ಕಡಿಮೆಯೇ? "ನಾವು ಬಸವೇಶ್ವರನಗರದೋರು ಅನ್ನು, ಮಾಗಡಿ ಕಡೆ ಮಾತು ತೆಗೀಬೇಡ" ಎಂದು ಬೆಳಿಗ್ಗೆಯೇ ಅವ್ವನಿಗೆ ಬುದ್ಧಿ ಹೇಳಿದ್ದ. ಒಳ್ಳೇ ಜೋಡಿ ಬೀಗರು!

ನಮ್ಮಲ್ಲಿ ವೀಳ್ಯದ ಮುಂದೆ ಎರಡೂ ಕಡೆಯ ಹಿರಿಯರು ಊರು, ವಂಶ ಹೇಳಿ ಮಾತು ಕೊಡಬೇಕು. ಆಮೇಲೆಯೇ ಎಲೆ ಅಡಿಕೆ ಬದಲಾಯಿಸುವುದು. ಹರ್ಜಿಂದರ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದ. ನಮ್ಮವ್ವ ಲಿಂಗಮ್ಮ ವೀಳ್ಯದ ತಟ್ಟೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹಿರೀರ್ನ ಒಳಗ್ ಕೂರಿಸ್ಬುಟ್ಟು ಮಾತ್ ಕೊಡಕೆ ಈವಯ್ಯ ಯಾರು? ಅವ್ರು ಬರ್ದಿದ್ರೆ ಮದ್ವೇನೂ ಇಲ್ಲ, ಗಿದ್ವೇನೂ ಇಲ್ಲ."

ರಮ್ಯಶ್ರೀಯ ಮುಖ ಬಿಳಿಚಿಕೊಂಡಿತು. ಅಣ್ಣ ಕಣ್ಣಲ್ಲೇ ಬೇಡಿಕೊಂಡ. ಅವ್ವ ಅತ್ತ ನೋಡಲೇ ಇಲ್ಲ. ಅಮನ್ ಓಡಿಹೋಗಿ ಅಜ್ಜಿಯನ್ನು ಕರೆತಂದು, ಶಾಸ್ತ್ರವನ್ನು ವಿವರಿಸಿ ಹೇಳಿದ.

ಬಚನ್ ಕೌರ್ ದುಪಟ್ಟಾವನ್ನು ತಲೆಗೆ ಎಳೆದುಕೊಂಡು, ಹೊಲದಾಚೆಗೂ ಕೇಳುವಂಥ ದನಿಯಲ್ಲಿ ಮಾತಾಡಿದರು. ಅಮನ್ ಕನ್ನಡದಲ್ಲಿ ಹೇಳಿದ: "ಊರು ರೋಪಡದ ಹತ್ರ. ಬಿಶನ್ ಸಿಂಗ್ ಮಗ ಕರ್ನೈಲ್ ಸಿಂಗ್. ಅವರ ಮೊಮ್ಮಗ ಅಮನ್. ಮಾತು ಕೊಟ್ಟಿದೀವಿ."

ನಡುವಿನ ಒಂದು ಹೆಸರು ಬಿಟ್ಟುಹೋಗಿತ್ತು. ಹರ್ಜಿಂದರ್ ಕೆಂಪಾಗಿ ತಾಯಿಯನ್ನು ಏನೋ ಕೇಳಿದ. ಅವರು ಅವನತ್ತ ತಿರುಗದೆಯೇ ಉತ್ತರ ಕೊಟ್ಟರು. ಅಮನ್ ಹಿಂದೆಮುಂದೆ ನೋಡಿದ.

"ಹೇಳಪ್ಪಾ," ಎಂದಳು ಅವ್ವ.

"ನಾನು ನಮ್ಮೂರೋರ ಹೆಸರು ಮಾತ್ರ ಹೇಳ್ದೆ, ಅವನು ಚಂಡೀಗಢದೋನಂತಲ್ಲ, ಅಂತಿದಾರೆ ಅಜ್ಜಿ."

ಈಗ ನಮ್ಮ ಕಡೆಯ ಸರದಿ. ಅವ್ವ ಸೆರಗು ಸರಿಮಾಡಿಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ನಂಜುಂಡಪ್ಪ ಬೀಗರೆದುರೇ ಅವಳ ಪಕ್ಕದಲ್ಲಿ ಕುಕ್ಕರಿಸಿದ.

"ಅವ್ವಾ, ಮಾಗಡಿ ಅಂತಾನೇ ಹೇಳವ್ವಾ. ನನ್ ಹೆಸ್ರೂ ಸೇರ್ಸವ್ವಾ."